ಕಲ್ಲಿದ್ದಲಿನೊಳಗೆ ಅನಿಲದ ಹರಿವು, ಅದರ ಮೇಲೆ ಗಣಿಯ ಭಾರ: ಪದೇ ಪದೇ ಕೇಳುವ ಪ್ರಶ್ನೆಗಳು

2006ರ ಸೆಪ್ಟೆಂಬರ್ 6ರಂದು ಜಾರ್ಖಂಡ್‌ನ ಧನಬಾದ್ ಜಿಲ್ಲೆಯ ಭಾಟ್‌ಡೀಹ್ ಗಣಿಯಲ್ಲಿ ಸ್ಫೋಟವಾಗಿ 50 ಮಂದಿ ಸತ್ತರು. ಕಾರಣ ಮೀಥೇನ್. ಗಣಿಯವರ ಮಾತಿನಲ್ಲಿ ಫೈರ್‌ಡ್ಯಾಂಪ್. ಈ ಅನಿಲ ಹೊರಗಿನಿಂದ ಗಣಿಗೆ ಬರುವುದಿಲ್ಲ, ಕಲ್ಲಿದ್ದಲಿನಲ್ಲೇ ಇರುತ್ತದೆ. ಎಷ್ಟಿದೆ ಅನ್ನುವುದನ್ನು ಅಳೆಯಬಹುದು. ಯಾವಾಗ, ಯಾವ ದಾರಿಯಲ್ಲಿ, ಎಷ್ಟು ಜೋರಾಗಿ ಹೊರಗೆ ಬರುತ್ತದೆ ಅನ್ನುವುದೇ ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಕಂಪ್ಯೂಟರ್ ಮಾಡೆಲ್ ಕಟ್ಟುತ್ತಾರೆ. ಮೈನಿಂಗ್ ಓದುತ್ತಿರುವವರು, ಜಿಯಾಲಜಿಯವರು, ಸುಮ್ನೆ ಕುತೂಹಲಕ್ಕೆ ಕೇಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಕಲ್ಲಿದ್ದಲು ಗಟ್ಟಿ ವಸ್ತು ಅಲ್ವಾ? ಅದರೊಳಗೆ ಅನಿಲ ಎಲ್ಲಿರುತ್ತದೆ?

ಒಂದು ತಟ್ಟೆ ಮೈಸೂರು ಪಾಕ್ ನೆನಪಿಸಿಕೊಳ್ಳಿ. ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಎಳೆದು ಬಿಲ್ಲೆ ಮಾಡಿರುತ್ತಾರೆ. ಬಿಲ್ಲೆಗಳ ನಡುವೆ ಸೀಳು, ಒಂದೊಂದು ಬಿಲ್ಲೆಯೊಳಗೂ ತೂತುಗಳು. ಕಲ್ಲಿದ್ದಲೂ ಹಾಗೇ. ಸೀಳುಗಳಿಗೆ ಕ್ಲೀಟ್ ಅನ್ನುತ್ತಾರೆ. ಉದ್ದಕ್ಕೆ ಸಾಗುವುದು ಫೇಸ್ ಕ್ಲೀಟ್, ಅಡ್ಡ ಬಂದು ಅದಕ್ಕೆ ತಾಗಿ ನಿಲ್ಲುವುದು ಬಟ್ ಕ್ಲೀಟ್. ನಡುವಿನ ಬಿಲ್ಲೆಗೆ ಮ್ಯಾಟ್ರಿಕ್ಸ್ ಎಂದು ಹೆಸರು.

ಮ್ಯಾಟ್ರಿಕ್ಸ್‌ನ ತೂತುಗಳು ನ್ಯಾನೋಮೀಟರ್ ಲೆಕ್ಕದವು, ಕಣ್ಣಿಗೆ ಕಾಣುವುದಿಲ್ಲ. ಆದರೆ ಅವುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಒಂದೇ ಒಂದು ಗ್ರಾಂ ಕಲ್ಲಿದ್ದಲಿಗೆ 100 ಚದರ ಮೀಟರಿಗೂ ಜಾಸ್ತಿ ಬರಬಹುದು. ಬೆಂಗಳೂರಿನ ಲೆಕ್ಕದಲ್ಲಿ ಒಂದು ಥರ್ಟಿ-ಫಾರ್ಟಿ ಸೈಟು! ಮೀಥೇನ್ ಅಣುಗಳು ಈ ಒಳಮೈಗೆ ಅಂಟಿಕೊಂಡಿರುತ್ತವೆ.

ಅಂಟಿಕೊಂಡದ್ದು ಎಷ್ಟು, ಖಾಲಿ ಜಾಗದಲ್ಲಿ ತುಂಬಿಕೊಂಡದ್ದು ಎಷ್ಟು? ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಟನ್ ಕಲ್ಲಿದ್ದಲಿಗೆ ಸುಮಾರು 0.7 ಘನ ಮೀಟರ್ ಗಾತ್ರ. ಅದರಲ್ಲಿ ಶೇ 2ರಷ್ಟು ಖಾಲಿ ಜಾಗ ಅಂದುಕೊಂಡರೆ 0.014 ಘನ ಮೀಟರ್. 5 ಮೆಗಾಪ್ಯಾಸ್ಕಲ್ ಒತ್ತಡದಲ್ಲಿ, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ 50 ಪಟ್ಟಿನಲ್ಲಿ, ಅಷ್ಟು ಜಾಗದಲ್ಲಿರುವ ಅನಿಲ ಮೇಲಕ್ಕೆ ಬಂದಾಗ ಬರೀ 0.7 ಘನ ಮೀಟರ್ ಆಗುತ್ತದೆ. ಅದೇ ಟನ್ನಿನಲ್ಲಿ ಅಂಟಿಕೊಂಡ ಅನಿಲ 14 ಘನ ಮೀಟರ್ ಇರುವುದು ಅಪರೂಪವೇನಲ್ಲ. ಇಲ್ಲಿರುವ ಅನಿಲದಲ್ಲಿ ನೂರಕ್ಕೆ 95 ಪಾಲು ಅಂಟಿಕೊಂಡದ್ದೇ.

"ಒತ್ತಡ" ಅಂದರೆ ಯಾವ ಒತ್ತಡ?

ಕನ್ನಡದಲ್ಲಿ ಬರೆಯುವಾಗ ನನಗೆ ಸಿಗುವ ಮೊದಲ ತೊಡಕು ಇದೇ. ಅನಿಲದ ಪ್ರೆಶರ್ ಕೂಡ ಒತ್ತಡ, ಬಂಡೆ ಮೇಲಿನ ಸ್ಟ್ರೆಸ್ ಕೂಡ ಒತ್ತಡ. ಪಠ್ಯಪುಸ್ತಕದ ಪದಗಳು ಬೇರೆ ಇವೆ, ಬಾಯಲ್ಲಿ ಯಾರೂ ಆಡುವುದಿಲ್ಲ. ಈ ಪುಟದಲ್ಲಿ ಪ್ರೆಶರ್‌ಗೆ "ಅನಿಲದ ಒತ್ತಡ" ಎಂದೂ ಸ್ಟ್ರೆಸ್‌ಗೆ "ಭಾರ" ಎಂದೂ ಬರೆಯುತ್ತೇನೆ. ಭಾರ ಮೇಲಿನಿಂದ ಮಾತ್ರ ಬರುವುದಲ್ಲ, ಪಕ್ಕದಿಂದಲೂ ಒತ್ತುತ್ತದೆ ಅನ್ನುವುದು ನೆನಪಿರಲಿ.

ಇವೆರಡೂ ಒಂದಕ್ಕೊಂದು ಎದುರು ನಿಲ್ಲುತ್ತವೆ. ಭಾರ ಸೀಳನ್ನು ಮುಚ್ಚಲು ನೋಡುತ್ತದೆ, ಒಳಗಿನ ಅನಿಲ ಸೀಳನ್ನು ತೆರೆದಿಡಲು ನೋಡುತ್ತದೆ. ಅನಿಲ ಹೊತ್ತ ಪಾಲನ್ನು ಕಳೆದು ಉಳಿಯುವ ಭಾರಕ್ಕೆ ಎಫೆಕ್ಟಿವ್ ಸ್ಟ್ರೆಸ್ ಅನ್ನುತ್ತಾರೆ. ಇಲ್ಲಿ "ಉಳಿದ ಭಾರ" ಅನ್ನೋಣ. ಸೀಳಿನ ಅಗಲವನ್ನು ತೀರ್ಮಾನಿಸುವುದು ಇದೇ.

ಅನಿಲ ಹೊರಗೆ ಬರುವ ದಾರಿ ಯಾವುದು?

ಮೂರು ಹಂತ. ಮೊದಲು ಒಳಮೈಯಿಂದ ಕಳಚಿಕೊಳ್ಳುತ್ತದೆ. ಆಮೇಲೆ ಮ್ಯಾಟ್ರಿಕ್ಸ್‌ನ ಸಣ್ಣ ತೂತುಗಳಲ್ಲಿ ನುಸುಳುತ್ತಾ ಸೀಳಿನವರೆಗೆ ಬರುತ್ತದೆ. ಕೊನೆಗೆ ಸೀಳಿನಲ್ಲಿ ಹರಿಯುತ್ತದೆ.

ನುಸುಳುವುದಕ್ಕೆ 1855ರ ಫಿಕ್ ನಿಯಮ: ದಟ್ಟವಾಗಿರುವ ಕಡೆಯಿಂದ ತೆಳುವಾಗಿರುವ ಕಡೆಗೆ. ಊದುಬತ್ತಿ ಹಚ್ಚಿದರೆ ವಾಸನೆ ಮನೆಯೆಲ್ಲ ಹಬ್ಬುವ ಹಾಗೆ. ಇದರಲ್ಲಿ ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸೀಳುಗಳು ಹತ್ತಿರ ಹತ್ತಿರ ಇದ್ದಷ್ಟೂ ಅನಿಲ ಬೇಗ ಬಿಡುಗಡೆಯಾಗುತ್ತದೆ.

ಸೀಳಿನಲ್ಲಿ ಹರಿಯುವುದಕ್ಕೆ ಡಾರ್ಸಿ ನಿಯಮ. ಫ್ರಾನ್ಸಿನ ಡಿಜೋನ್ ಊರಿಗೆ ನೀರು ಕೊಟ್ಟ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ ನೋಡಿ 1856ರಲ್ಲಿ ಇದನ್ನು ಪ್ರಕಟಿಸಿದ. ಎರಡು ತುದಿಗಳ ಒತ್ತಡದ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು, ದ್ರವ ಮಂದವಾದಷ್ಟೂ ಕಡಿಮೆ. ನಡುವೆ ಕೂತಿರುವ ಗುಣಾಂಕ ಪರ್ಮಿಯಬಿಲಿಟಿ, ಅಂದರೆ ಬಂಡೆ ಎಷ್ಟು ಸಲೀಸಾಗಿ ಹಾಯಲು ಬಿಡುತ್ತದೆ ಅನ್ನುವುದು. ಇದರ ಅಳತೆ ಮಿಲಿಡಾರ್ಸಿಯಲ್ಲಿ. ಕಲ್ಲಿದ್ದಲಿನಲ್ಲಿ ಇದು 0.001ರಿಂದ ಹತ್ತಾರು ಮಿಲಿಡಾರ್ಸಿವರೆಗೆ ಓಡಾಡುತ್ತದೆ.

ಈ ಪುಟದ ಮುಂದಿನ ಮಾತೆಲ್ಲ ಈ ಒಂದು ಸಂಖ್ಯೆಯ ಸುತ್ತಲೇ.

ಅನಿಲದ ಒತ್ತಡ ಅರ್ಧ ಇಳಿಸಿದರೆ ಅರ್ಧ ಅನಿಲ ಹೊರಗೆ ಬಂತು ಅಂತಲೇ?

ಅಲ್ಲ. ಒತ್ತಡಕ್ಕೂ ಅಂಟಿಕೊಂಡ ಅನಿಲಕ್ಕೂ ಇರುವ ಸಂಬಂಧ ನೇರ ಗೆರೆಯಲ್ಲ, ಬಾಗಿದ ಗೆರೆ. ಇದನ್ನು 1918ರಲ್ಲಿ ಸೂತ್ರಕ್ಕೆ ಇಳಿಸಿದವನು ಇರ್ವಿಂಗ್ ಲ್ಯಾಂಗ್‌ಮ್ಯೂರ್. ಅವನಿಗೆ 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಒಂದು ಕಲ್ಲಿದ್ದಲು ಟನ್ನಿಗೆ ಹೆಚ್ಚೆಂದರೆ 20 ಘನ ಮೀಟರ್ ಹಿಡಿಯುತ್ತದೆ, 2 ಮೆಗಾಪ್ಯಾಸ್ಕಲ್‌ನಲ್ಲಿ ಅದರ ಅರ್ಧ ಹಿಡಿಯುತ್ತದೆ ಅಂದುಕೊಳ್ಳಿ. 6 ಮೆಗಾಪ್ಯಾಸ್ಕಲ್‌ನಲ್ಲಿ ಅದರಲ್ಲಿ 15 ಘನ ಮೀಟರ್ ಇರುತ್ತದೆ. 3ಕ್ಕೆ ಇಳಿಸಿದರೆ ಇನ್ನೂ 12 ಇರುತ್ತದೆ. 1ಕ್ಕೆ ಇಳಿಸಿದರೆ 6.7. ಅರ್ಧ ಒತ್ತಡ ಇಳಿಸಲು ಪಟ್ಟ ಶ್ರಮಕ್ಕೆ ಸಿಕ್ಕಿದ್ದು ಬರೀ 3 ಘನ ಮೀಟರ್. ಕೊನೆಯ ಒಂದೆರಡು ಮೆಗಾಪ್ಯಾಸ್ಕಲ್‌ನಲ್ಲೇ ಸಿಂಹಪಾಲು ಬರುವುದು. ಗೇಜ್‌ನಲ್ಲಿ ಒತ್ತಡ ಇಳಿದದ್ದು ನೋಡಿ "ಬಹಳಷ್ಟು ಅನಿಲ ಹೋಯಿತು" ಎಂದು ನೆಮ್ಮದಿಪಡುವವರು ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಬೇಕು.

ಗಣಿ ತೋಡಿದಾಗ ಭಾರ ಹೇಗೆ ಬದಲಾಗುತ್ತದೆ?

ಲಾಂಗ್‌ವಾಲ್ ಗಣಿಯನ್ನೇ ತೆಗೆದುಕೊಳ್ಳೋಣ. ನೂರಾರು ಮೀಟರ್ ಉದ್ದದ ಕಲ್ಲಿದ್ದಲಿನ ಗೋಡೆ, ಅದಕ್ಕೆ ಫೇಸ್ ಎಂದು ಹೆಸರು. ಶಿಯರರ್ ಯಂತ್ರ ಅದರ ಉದ್ದಕ್ಕೂ ಓಡಾಡಿ ಕೆರೆದು ತೆಗೆಯುತ್ತದೆ. ಮೇಲೆ ಹೈಡ್ರಾಲಿಕ್ ಸಪೋರ್ಟ್‌ಗಳ ಸಾಲು ಚಾವಣಿ ಹಿಡಿದಿರುತ್ತದೆ. ಫೇಸ್ ಮುಂದೆ ಹೋದಂತೆ ಸಪೋರ್ಟ್‌ಗಳೂ ಮುಂದೆ ಹೋಗುತ್ತವೆ, ಹಿಂದಿನ ಚಾವಣಿಯನ್ನು ಕುಸಿಯಲು ಬಿಡುತ್ತಾರೆ. ಕುಸಿದ ಜಾಗ ಗೋಫ್.

400 ಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರ ಸುಮಾರು 10 ಮೆಗಾಪ್ಯಾಸ್ಕಲ್. ಕಲ್ಲಿದ್ದಲು ತೆಗೆದ ಜಾಗ ಆ ಭಾರ ಹೊರುವುದಿಲ್ಲ. ಹಾಗಂತ ಭಾರ ಎಲ್ಲಿಗೂ ಹೋಗುವುದಿಲ್ಲ, ಪಕ್ಕದವರ ತಲೆಗೆ ಬೀಳುತ್ತದೆ. ಫೇಸ್‌ನಿಂದ ಕೆಲವು ಮೀಟರಿಂದ ಕೆಲವು ಹತ್ತು ಮೀಟರ್ ಮುಂದೆ ಅದು ಮೊದಲಿದ್ದದ್ದರ ಎರಡು, ಮೂರು ಪಟ್ಟು ಏರುತ್ತದೆ. ಇದಕ್ಕೆ ಅಬಟ್‌ಮೆಂಟ್ ಅನ್ನುತ್ತಾರೆ.

ಈಗ ಗೋಫ್‌ನಿಂದ ದೂರ ಇನ್ನೂ ಮುಟ್ಟದ ಕಲ್ಲಿದ್ದಲಿನತ್ತ ಮನಸ್ಸಿನಲ್ಲೇ ನಡೆದು ಹೋಗಿ. ಫೇಸ್‌ಗೆ ಅಂಟಿದ ಕಲ್ಲಿದ್ದಲು ಒಡೆದು ಸಡಿಲವಾಗಿದೆ, ಅನಿಲ ಸಲೀಸಾಗಿ ಹರಿಯುತ್ತದೆ. ಸ್ವಲ್ಪ ಒಳಗೆ ಭಾರದ ಶಿಖರ. ಇಲ್ಲಿ ಸೀಳುಗಳು ಕಚ್ಚಿಕೊಂಡಿವೆ, ಅನಿಲಕ್ಕೆ ದಾರಿಯೇ ಇಲ್ಲ. ಅದರಾಚೆ ಏನೂ ಗೊತ್ತಿಲ್ಲದಂತೆ ಮಲಗಿರುವ ಕಲ್ಲಿದ್ದಲು, ಪೂರ್ತಿ ಒತ್ತಡದ ಅನಿಲದ ಜೊತೆ. ನಡುವಿನ ಕಚ್ಚಿಕೊಂಡ ಪಟ್ಟಿ ಅಣೆಕಟ್ಟಿನ ಥರ. ಒಂದು ಕಡೆ ತುಂಬಿದ ಜಲಾಶಯ, ಇನ್ನೊಂದು ಕಡೆ ಜನ ಕೆಲಸ ಮಾಡುತ್ತಿದ್ದಾರೆ. ಮತ್ತು ಪ್ರತಿ ಶಿಫ್ಟ್‌ನಲ್ಲೂ ಶಿಯರರ್ ಈ ಅಣೆಕಟ್ಟಿನ ಬುಡವನ್ನು ಕೆರೆಯುತ್ತಿದೆ.

ಇನ್ನೊಂದು ಮುಖ್ಯ ವಿಷಯ. ಫೇಸ್ ಹತ್ತಿರ ಮೇಲಿನಿಂದ ಬರುವ ಭಾರ ಏರುತ್ತಿರುವಾಗಲೇ ಫೇಸ್ ಕಡೆಗಿನ ಅಡ್ಡ ಭಾರ ಇಳಿಯುತ್ತದೆ. ಆ ಕಡೆ ಒತ್ತಿ ಹಿಡಿಯಲು ಏನೂ ಇಲ್ಲವಲ್ಲ. ಹಾಗಾಗಿ ಒಂದೇ ಜಾಗದಲ್ಲಿ ಒಂದು ದಿಕ್ಕಿನ ಸೀಳು ಮುಚ್ಚಿ ಇನ್ನೊಂದು ದಿಕ್ಕಿನದು ತೆರೆಯಬಹುದು. ಎಲ್ಲ ದಿಕ್ಕಿನ ಭಾರದ ಸರಾಸರಿ ಹಾಕಿ ಲೆಕ್ಕ ಮುಗಿಸುವ ಮಾಡೆಲ್‌ಗಳು ಇಲ್ಲೇ ಎಡವುತ್ತವೆ.

ಭಾರ ಹೆಚ್ಚಾದರೆ ಹರಿವು ಎಷ್ಟು ಇಳಿಯುತ್ತದೆ?

ಅಂದುಕೊಂಡದ್ದಕ್ಕಿಂತ ಜಾಸ್ತಿ. ಪರ್ಮಿಯಬಿಲಿಟಿ ಸೀಳುಗಳ ಪಾಲಿನ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಸೀಳುಗಳ ಜಾಗ ಅರ್ಧವಾದರೆ ಹರಿವು ಅರ್ಧವಲ್ಲ, ಎಂಟನೇ ಒಂದು. ಕಲ್ಲಿದ್ದಲನ್ನು ಬೆಂಕಿಕಡ್ಡಿಗಳ ಕಟ್ಟು ಎಂದು ಭಾವಿಸಿ ಮಾಡಿದ ಸೂತ್ರವೊಂದಿದೆ. ಅದರಲ್ಲಿ ಸೀಳಿನ ಮೆದುತನ ಒಂದು ಮೆಗಾಪ್ಯಾಸ್ಕಲ್‌ಗೆ 0.1 ಅಂತ ಹಾಕಿದರೆ, ಉಳಿದ ಭಾರ 5 ಮೆಗಾಪ್ಯಾಸ್ಕಲ್ ಏರಿದಾಗ ಪರ್ಮಿಯಬಿಲಿಟಿ ಶೇ 22ಕ್ಕೆ ಇಳಿಯುತ್ತದೆ. 10 ಏರಿದರೆ ಶೇ 5ಕ್ಕೆ. 5 ಇಳಿದರೆ ನಾಲ್ಕೂವರೆ ಪಟ್ಟು ಏರುತ್ತದೆ.

ಅನಿಲ ಹೋದ ಮೇಲೆ ಕಲ್ಲಿದ್ದಲು ಕುಗ್ಗುತ್ತದಂತೆ, ನಿಜವೇ?

ನಿಜ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಸಂದಿ ಬಿಡುತ್ತದೆ. ಮ್ಯಾಟ್ರಿಕ್ಸ್ ಕೂಡ ಅನಿಲ ಅಂಟಿಸಿಕೊಂಡಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಬಿಲ್ಲೆ ಕುಗ್ಗಿದರೆ ಸೀಳು ಅಗಲವಾಗುತ್ತದೆ.

ಆದ್ದರಿಂದ ಬೋರ್ ಹಾಕಿ ಅನಿಲ ತೆಗೆಯುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒತ್ತಡ ಇಳಿದು ಸೀಳು ಮುಚ್ಚಲು ಹೊರಡುತ್ತದೆ, ಬಿಲ್ಲೆ ಕುಗ್ಗಿ ಸೀಳು ತೆರೆಯಲು ಹೊರಡುತ್ತದೆ. ಮೊದಮೊದಲು ಒಂದು ಗೆಲ್ಲುತ್ತದೆ, ಆಮೇಲೆ ಇನ್ನೊಂದು. ಅಮೆರಿಕದ ಸ್ಯಾನ್ ವಾನ್ ಬೇಸಿನ್‌ನ ಬಾವಿಗಳಲ್ಲಿ ವರ್ಷಗಳು ಕಳೆದಂತೆ ಪರ್ಮಿಯಬಿಲಿಟಿ ಏರುತ್ತಲೇ ಹೋಯಿತು. ಅಲ್ಲಿ ಕುಗ್ಗುವಿಕೆ ಗೆದ್ದಿತು. ಪಾಮರ್-ಮನ್ಸೂರಿ, ಶಿ-ದುರುಕಾನ್ ಹೆಸರಿನ ಪ್ರಸಿದ್ಧ ಸೂತ್ರಗಳು ಈ ಜಗಳವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ.

ಹಾಗಾದರೆ ಅವೇ ಸೂತ್ರಗಳನ್ನು ಗಣಿಗೂ ಹಾಕಿದರೆ ಆಯಿತಲ್ಲ?

ಇಲ್ಲೇ ಅತಿ ಹೆಚ್ಚು ತಪ್ಪು ನಡೆಯುವುದು. ಆ ಸೂತ್ರಗಳು ಅನಿಲ ಬಾವಿಗಳಿಗಾಗಿ ಹುಟ್ಟಿದವು. ಮೇಲಿನ ಭಾರ ಬದಲಾಗುವುದಿಲ್ಲ, ಪಕ್ಕಕ್ಕೆ ಕಲ್ಲಿದ್ದಲು ಅಲುಗಾಡುವುದಿಲ್ಲ ಅನ್ನುವ ಎರಡು ಷರತ್ತುಗಳ ಮೇಲೆ ನಿಂತಿವೆ. ಮುಟ್ಟದ ಪದರಕ್ಕೆ ಬಾವಿ ಕೊರೆದಾಗ ಎರಡೂ ಸರಿ. ಲಾಂಗ್‌ವಾಲ್ ಮುಂದೆ ಎರಡೂ ಸುಳ್ಳು.

ಅದಕ್ಕಿಂತ ದೊಡ್ಡದು, ಅವು ಕಲ್ಲಿದ್ದಲು ಒಡೆಯುವುದಿಲ್ಲ ಎಂದುಕೊಂಡಿವೆ. ಲ್ಯಾಬ್‌ನಲ್ಲಿ ಕಲ್ಲಿದ್ದಲಿನ ತುಂಡನ್ನು ಒಡೆಯುವವರೆಗೆ ಹಿಸುಕುತ್ತಾ ಅದರ ಮೂಲಕ ಅನಿಲ ಹಾಯಿಸಿ ನೋಡಿ. ಮೊದಲು ಹರಿವು ಇಳಿಯುತ್ತದೆ. ಒಡೆಯುವ ಮುನ್ನವೇ ಸಣ್ಣ ಹೊಸ ಬಿರುಕುಗಳು ಹುಟ್ಟಿ ಇಳಿಯುವುದು ನಿಲ್ಲುತ್ತದೆ. ಒಡೆದ ಮೇಲೆ ಸುತ್ತಲಿನ ಹಿಡಿತವೂ ಸಡಿಲವಾದರೆ ಹತ್ತು ಪಟ್ಟು, ನೂರು ಪಟ್ಟು ಜಿಗಿಯುತ್ತದೆ. ಮೇಲೆ ಹೇಳಿದ ನಾಲ್ಕೂವರೆ ಪಟ್ಟು ಇದರ ಮುಂದೆ ಏನೂ ಅಲ್ಲ.

ಚೀನಾದ ಹ್ವಾಯ್‌ನಾನ್‌ನಲ್ಲಿ ಇದನ್ನೇ ಉಪಾಯವಾಗಿ ಬಳಸಿದರು. ಅಪಾಯ ಕಡಿಮೆ ಇರುವ ಕೆಳಗಿನ ಪದರವನ್ನು ಮೊದಲು ತೆಗೆದರು. ಮೇಲಿನ ಅಪಾಯದ ಪದರ ತಗ್ಗಿ ಸಡಿಲವಾಯಿತು. ಅಲ್ಲಿನ ಪಾನ್ಯಿ ಗಣಿಯಲ್ಲಿ ಪರ್ಮಿಯಬಿಲಿಟಿ 2,800 ಪಟ್ಟಿಗೂ ಮಿಕ್ಕಿ ಏರಿತು. ಆಮೇಲೆ ಬೋರ್ ಹಾಕಿ ಅನಿಲ ಎಳೆದುಕೊಂಡರು. ಬಾವಿಯ ಸೂತ್ರದಿಂದ ಈ ಸಂಖ್ಯೆ ಎಂದಿಗೂ ಹುಟ್ಟುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಫೇಸ್‌ಗೆ ಹತ್ತಿರದ ಲೆಕ್ಕದಲ್ಲಿ ಕುಗ್ಗುವಿಕೆಯ ಸೂಕ್ಷ್ಮಕ್ಕಿಂತ ಒಡೆಯುವಿಕೆಯ ಲೆಕ್ಕ ಮುಖ್ಯ. ವರ್ಷಗಟ್ಟಲೆ ಮುಂಚೆ ಹಾಕುವ ಬೋರ್‌ಗಳ ಲೆಕ್ಕದಲ್ಲಿ ಕುಗ್ಗುವಿಕೆ ಮುಖ್ಯ. ಎರಡಕ್ಕೂ ಒಂದೇ ಸೂತ್ರ ಹಾಕುವವರ ಪೇಪರ್‌ಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ಕುಸಿದ ಗೋಫ್‌ನಲ್ಲಿ ಅನಿಲ ಎಲ್ಲೆಂದರಲ್ಲಿ ಹರಿಯುತ್ತದೆಯೇ?

ಇಲ್ಲ. ಗೋಫ್‌ನ ನಡುಭಾಗ ಮೇಲಿನ ಬಂಡೆ ಕೂತು ಮತ್ತೆ ಅದುಮಿಕೊಳ್ಳುತ್ತದೆ. ಅಂಚಿನಲ್ಲಿ ಬಂಡೆ ಕಮಾನಿನಂತೆ ನಿಂತು ಸಂದಿ ಉಳಿಯುತ್ತದೆ. ಹೀಗೆ ಸುತ್ತ ಉಂಗುರದಂಥ ದಾರಿ ಉಂಟಾಗುತ್ತದೆ. ಚೀನಾದ ಚಿಯೆನ್ ಮಿಂಗ್‌ಗಾವ್ ಮತ್ತು ಸಂಗಡಿಗರು ಇದನ್ನು "ಓ ಉಂಗುರ" ಎಂದು ಕರೆದರು. ಬೋರ್ ಈ ಉಂಗುರಕ್ಕೆ ತಾಗಿದರೆ ಅನಿಲ ಚೆನ್ನಾಗಿ ಬರುತ್ತದೆ, ನಟ್ಟನಡುವೆ ಇಳಿದರೆ ಬರುವುದು ಕಡಿಮೆ.

ಮಾಡೆಲ್ ಅನ್ನು ನಿಜವಾಗಿ ಹೇಗೆ ಕಟ್ಟುತ್ತಾರೆ?

ಪದರವನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಕತ್ತರಿಸುತ್ತಾರೆ. ಪ್ರತಿ ತುಂಡಿಗೂ ಒಂದೇ ಲೆಕ್ಕ: ಒಳಗೆ ಬಂದದ್ದು, ಹೊರಗೆ ಹೋದದ್ದು, ಮ್ಯಾಟ್ರಿಕ್ಸ್‌ನಿಂದ ಕಳಚಿದ್ದು, ಉಳಿದದ್ದು. ಅಂಗಡಿಯ ರೋಕಡ್ ಪುಸ್ತಕದ ಹಾಗೆ ತಾಳೆಯಾಗಬೇಕು.

ಕೆಲಸ ಎರಡು ಭಾಗ. ಒಂದು ಭಾರದ ಲೆಕ್ಕ: ಇಷ್ಟು ಮೀಟರ್ ತೆಗೆದರೆ ಪ್ರತಿ ತುಂಡಿನ ಮೇಲೆ ಎಷ್ಟು ಭಾರ, ಯಾವುದು ಒಡೆಯಿತು? ಇನ್ನೊಂದು ಹರಿವಿನ ಲೆಕ್ಕ. ಮೊದಲನೆಯದರ ಉತ್ತರದಿಂದ ಪ್ರತಿ ತುಂಡಿನ ಪರ್ಮಿಯಬಿಲಿಟಿ ಬದಲಿಸಿ ಎರಡನೆಯದಕ್ಕೆ ಕೊಡುತ್ತಾರೆ. ಅಲ್ಲಿ ಬಂದ ಹೊಸ ಅನಿಲದ ಒತ್ತಡವನ್ನು ಮತ್ತೆ ಮೊದಲನೆಯದಕ್ಕೆ ಕೊಡುತ್ತಾರೆ. ಫೇಸ್ ಒಂದು ಹೆಜ್ಜೆ ಮುಂದೆ, ಮತ್ತೆ ಅದೇ.

ಕಾಮ್ಸಾಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ಒಂದೇ ಕಡೆ ಮಾಡಬಹುದು. ಬಂಡೆಗೆ ಫ್ಲಾಕ್-ತ್ರೀಡಿ, ಹರಿವಿಗೆ ಟಫ್ ಹೀಗೆ ಎರಡು ಸಾಫ್ಟ್‌ವೇರ್ ಜೋಡಿಸುವವರೂ ಇದ್ದಾರೆ. ಒಡೆಯುವುದೇ ಮುಖ್ಯವಾದಾಗ ನನಗೆ ಎರಡನೆಯ ದಾರಿ ಇಷ್ಟ. ಆದರೆ ಫೈಲು ಅತ್ತಿತ್ತ ಸಾಗಿಸುವ ತಲೆನೋವು ನಿಮ್ಮದು.

ಒಳಗೆ ಹಾಕುವ ಸಂಖ್ಯೆಗಳು ಎಲ್ಲಿಂದ ಬರುತ್ತವೆ?

ಅನಿಲ ಎಷ್ಟಿದೆ ಅನ್ನುವುದಕ್ಕೆ ಬೋರ್‌ನಿಂದ ಕಲ್ಲಿದ್ದಲಿನ ಕೋರ್, ಅಂದರೆ ಉರುಳೆಯಂಥ ತುಂಡು, ತೆಗೆದು ಕೂಡಲೇ ಡಬ್ಬಿಯಲ್ಲಿ ಮುಚ್ಚುತ್ತಾರೆ. ಡಬ್ಬಿಯಲ್ಲಿ ಬಿಟ್ಟ ಅನಿಲ ಅಳೆಯುತ್ತಾರೆ, ಕೊನೆಗೆ ಕೋರ್ ಪುಡಿ ಮಾಡಿ ಉಳಿದದ್ದನ್ನೂ ಅಳೆಯುತ್ತಾರೆ. ಮೇಲೆತ್ತುವಾಗ ದಾರಿಯಲ್ಲಿ ಕಳೆದುಹೋದದ್ದನ್ನು ಅಂದಾಜಿಸಿ ಸೇರಿಸುತ್ತಾರೆ. ಮೂರರಲ್ಲಿ ಹೆಚ್ಚು ಅನುಮಾನ ಇರುವುದು ಈ ಕೊನೆಯದರ ಮೇಲೆ.

ಪರ್ಮಿಯಬಿಲಿಟಿಯೇ ನಿಜವಾದ ಗೋಳು. ಲ್ಯಾಬ್‌ನ ತುಂಡು ಒಂದು ಕಾಫಿ ಲೋಟದಷ್ಟು. ದೊಡ್ಡ ಸೀಳಿರುವ ಕಲ್ಲಿದ್ದಲು ಕೋರ್ ತೆಗೆಯುವಾಗಲೇ ಒಡೆದುಹೋಗುತ್ತದೆ. ಒಡೆಯದೆ ಲ್ಯಾಬ್ ಮುಟ್ಟುವುದು ಸೀಳು ಕಡಿಮೆ ಇರುವ ತುಂಡು. ಅದಕ್ಕೇ ಬೋರ್‌ನಲ್ಲೇ ಒತ್ತಡ ಇಳಿಸಿ ಏರಿಸಿ ಮಾಡುವ ಪರೀಕ್ಷೆಯ ಸಂಖ್ಯೆಯನ್ನು ನಾನು ಹೆಚ್ಚು ನಂಬುತ್ತೇನೆ. ಚೀನೀ ವರದಿ ಓದುವವರಿಗೆ ಒಂದು ಎಚ್ಚರಿಕೆ: ಅವರ ಪರ್ಮಿಯಬಿಲಿಟಿ ಗುಣಾಂಕದ ಅಳತೆಯೇ ಬೇರೆ. ಅವರ 1, ನಮ್ಮ ಸುಮಾರು 0.025 ಮಿಲಿಡಾರ್ಸಿ.

ಔಟ್‌ಬರ್ಸ್ಟ್ ಅಂದರೇನು? ಮಾಡೆಲ್ ಅದನ್ನು ಮೊದಲೇ ಹೇಳುತ್ತದೆಯೇ?

ಮೇಲೆ ಹೇಳಿದ ಅಣೆಕಟ್ಟು ಒಡೆಯುವುದೇ ಔಟ್‌ಬರ್ಸ್ಟ್. ಗೋಲಿ ಸೋಡಾ ಒಡೆದಂತೆ ಅನಿಲ ಮತ್ತು ಪುಡಿ ಕಲ್ಲಿದ್ದಲು ಒಟ್ಟಿಗೆ ನುಗ್ಗುತ್ತವೆ. ದಾಖಲಾದ ಮೊದಲನೆಯದು 1834ರಲ್ಲಿ ಫ್ರಾನ್ಸಿನಲ್ಲಿ. 1969ರಲ್ಲಿ ಉಕ್ರೇನಿನ ಗಗಾರಿನ್ ಗಣಿಯಲ್ಲಿ 14,000 ಟನ್ ಕಲ್ಲಿದ್ದಲು ಮತ್ತು ಎರಡೂವರೆ ಲಕ್ಷ ಘನ ಮೀಟರ್ ಮೀಥೇನ್ ಹೊರಬಿತ್ತು. 2004ರಲ್ಲಿ ಚೀನಾದ ದಾಪಿಂಗ್ ಗಣಿಯಲ್ಲಿ ಔಟ್‌ಬರ್ಸ್ಟ್ ಆಗಿ, ಆ ಅನಿಲ ಹೊತ್ತಿಕೊಂಡು 148 ಮಂದಿ ಸತ್ತರು.

ಯಾವ ದಿನ, ಎಷ್ಟು ಗಂಟೆಗೆ ಎಂದು ಮಾಡೆಲ್ ಹೇಳುವುದಿಲ್ಲ. ಎಲ್ಲಿ ಒತ್ತಡದ ಇಳಿಜಾರು ಕಡಿದಾಗಿದೆ, ಎಷ್ಟು ಹತ್ತಿರ ಬೋರ್ ಹಾಕಿದರೆ ಎಷ್ಟು ತಿಂಗಳಲ್ಲಿ ಅದು ತಗ್ಗುತ್ತದೆ ಅನ್ನುವುದನ್ನು ಹೇಳುತ್ತದೆ. ಕೆಲಸಕ್ಕೆ ಬೇಕಾದದ್ದೂ ಅಷ್ಟೇ.

ಭಾರತದಲ್ಲಿ ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಹೆಚ್ಚಾಗಿ ಝರಿಯಾದಲ್ಲಿ, ಅಂದರೆ ಧನಬಾದ್ ಜಿಲ್ಲೆಯ ಕಲ್ಲಿದ್ದಲು ಪ್ರದೇಶದಲ್ಲಿ. ನಮ್ಮ ನಿಯಮದಲ್ಲಿ, ಎಷ್ಟು ಅನಿಲ ಬಿಡುತ್ತವೆ ಅನ್ನುವುದರ ಮೇಲೆ, ಪದರಗಳಿಗೆ ಮೂರು ಡಿಗ್ರಿ. ತೆಗೆದ ಪ್ರತಿ ಟನ್ನಿಗೆ 10 ಘನ ಮೀಟರಿಗೂ ಹೆಚ್ಚು ಅನಿಲ ಬಂದರೆ ಮೂರನೇ ಡಿಗ್ರಿ. ಝರಿಯಾದ ಮೂನಿಡೀಹ್ ಅಂಥ ಗಣಿ. 1978ರಲ್ಲಿ ಪವರ್ಡ್ ಸಪೋರ್ಟ್ (ಮೇಲೆ ಹೇಳಿದ ಹೈಡ್ರಾಲಿಕ್ ಸಪೋರ್ಟ್) ಇಟ್ಟು ಲಾಂಗ್‌ವಾಲ್ ಶುರುವಾದದ್ದೂ ಅಲ್ಲೇ. ಅಲ್ಲಿನ ಪದರದಿಂದ ಮೀಥೇನ್ ತೆಗೆದು ಬಳಸುವ ಪ್ರಾಯೋಗಿಕ ಯೋಜನೆಯೂ ವಿಶ್ವಸಂಸ್ಥೆಯ ನೆರವಿನಿಂದ ನಡೆದಿದೆ.

ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರವರೆಗೆ ಇದ್ದರೆ ಸ್ಫೋಟಕ. ನಿಯಮದ ಪ್ರಕಾರ ಹೊರಹೋಗುವ ಗಾಳಿಯಲ್ಲಿ ಶೇ 0.75, ಗಣಿಯ ಯಾವುದೇ ಜಾಗದಲ್ಲಿ ಶೇ 1.25 ಮೀರಬಾರದು. ಎಷ್ಟು ಗಾಳಿ ಊದಬೇಕು ಅನ್ನುವ ಲೆಕ್ಕ ಈ ಮಾಡೆಲ್ ಕೊಡುವ ಅನಿಲದ ಪ್ರಮಾಣದಿಂದಲೇ ಶುರುವಾಗುತ್ತದೆ.

ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲ. ನಮಗೇನು?

ಗಣಿ ಇಲ್ಲ, ನಿಜ. ಆದರೆ ಭಾರದಿಂದ ಬಂಡೆ ಸಿಡಿಯುವುದನ್ನು ಕೋಲಾರದ ಚಿನ್ನದ ಗಣಿಗಿಂತ ಚೆನ್ನಾಗಿ ಬಲ್ಲ ಊರು ಕಡಿಮೆ. ಮೂರು ಕಿಲೋಮೀಟರಿಗೂ ಆಳದಲ್ಲಿ ಆಗುತ್ತಿದ್ದ ರಾಕ್‌ಬರ್ಸ್ಟ್‌ಗೆ ಮೇಲೆ ಮನೆಯ ಪಾತ್ರೆ ಅಲುಗಾಡುತ್ತಿದ್ದವು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ 1988ರಲ್ಲಿ ಅಲ್ಲೇ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೈನಿಂಗ್ ವಿಭಾಗವಿದೆ. ಅನಿಲ ಬಿಟ್ಟರೆ ಭಾರದ ಲೆಕ್ಕ ಎರಡೂ ಕಡೆ ಒಂದೇ.

ಮಾಡೆಲ್ ತಪ್ಪಿದೆ ಅಂತ ಹೇಗೆ ಗೊತ್ತಾಗುತ್ತದೆ?

ನನ್ನದೇ ಕಥೆ ಹೇಳುತ್ತೇನೆ. ಒಮ್ಮೆ ಬೋರ್‌ನಿಂದ ಬರುವ ಅನಿಲ ಲೆಕ್ಕ ಹಾಕಿದೆ. ತಿಂಗಳುಗಳು ಕಳೆದರೂ ಹರಿವು ಇಳಿಯಲೇ ಇಲ್ಲ. ಖುಷಿಯಾಯಿತು. ಎರಡು ದಿನ ಆದ ಮೇಲೆ ಕಂಡದ್ದು ಇಷ್ಟು: ಮಾಡೆಲ್‌ನ ಪಕ್ಕದ ಅಂಚನ್ನು ಬೋರ್‌ಗೆ ತೀರಾ ಹತ್ತಿರ ಇಟ್ಟು, ಅಲ್ಲಿ ಒತ್ತಡ ಎಂದೂ ಬದಲಾಗದಂತೆ ಕಟ್ಟಿಹಾಕಿದ್ದೆ. ಬತ್ತದ ಬಾವಿ ನಾನೇ ಕೊಟ್ಟಿದ್ದೆ. ಅಂದಿನಿಂದ ಅಂಚನ್ನು ಎರಡು ಪಟ್ಟು ದೂರ ಇಟ್ಟು ಒಮ್ಮೆ ಓಡಿಸಿ ನೋಡದೆ ಯಾವ ಉತ್ತರವನ್ನೂ ಯಾರಿಗೂ ತೋರಿಸುವುದಿಲ್ಲ.

ಗಣಿಯಲ್ಲಿ ಅಳೆದ ಹರಿವಿಗೆ ಹೊಂದಿಸುವುದು ಮುಂದಿನ ಪರೀಕ್ಷೆ. ಆದರೆ ಹತ್ತು ಸಂಖ್ಯೆ ತಿರುಗಿಸಿ ಒಂದು ಗೆರೆಗೆ ಹೊಂದಿಸುವುದು ದೊಡ್ಡ ವಿಷಯವಲ್ಲ. ಮೊದಲ ಮೂರು ತಿಂಗಳ ಅಳತೆಗೆ ಹೊಂದಿಸಿ, ಮುಂದಿನ ಮೂರು ತಿಂಗಳನ್ನು ನೋಡದೆ ಹೇಳಿ. ಆಗ ಗೊತ್ತಾಗುತ್ತದೆ.

ಎಕ್ಸೆಲ್‌ನಲ್ಲಿ ಶುರು ಮಾಡಬಹುದೇ?

ಧಾರಾಳವಾಗಿ. ಐವತ್ತು ಕೋಶಗಳ ಒಂದು ಸಾಲು ಮಾಡಿ. ಒಂದೊಂದು ಕೋಶವೂ ಒಂದು ಮೀಟರ್ ಕಲ್ಲಿದ್ದಲು. ಎಡತುದಿ ಫೇಸ್, ಅಲ್ಲಿ ಗಣಿಯ ಗಾಳಿಯ ಒತ್ತಡ. ಉಳಿದದ್ದಕ್ಕೆಲ್ಲ 3 ಮೆಗಾಪ್ಯಾಸ್ಕಲ್. ಭಾರದ ಶಿಖರವನ್ನು ಎಂಟನೇ ಮೀಟರಿನಲ್ಲಿ ಕೈಯಿಂದಲೇ ಬರೆದು, ಪ್ರತಿ ಕೋಶಕ್ಕೂ ಅದಕ್ಕೆ ತಕ್ಕ ಪರ್ಮಿಯಬಿಲಿಟಿ ಕೊಡಿ. ಲ್ಯಾಂಗ್‌ಮ್ಯೂರ್ ಸೇರಿಸಿ. ಸಮಯದ ಹೆಜ್ಜೆ ಚಿಕ್ಕದಿರಲಿ, ಇಲ್ಲದಿದ್ದರೆ ಸಂಖ್ಯೆಗಳು ಹುಚ್ಚೆದ್ದು ಕುಣಿಯುತ್ತವೆ. ಓಡಿಸುವ ಮುಂಚೆ ಒಂದು ಕೆಲಸ ಮಾಡಿ: ಫೇಸ್ ಕೋಶಕ್ಕೂ 3 ಮೆಗಾಪ್ಯಾಸ್ಕಲ್ ಕೊಟ್ಟು ಬಿಡಿ. ಏನೂ ಅಲುಗಾಡಬಾರದು. ಯಾವುದಾದರೂ ಒಂದು ಕೋಶ ಅಲುಗಾಡಿದರೂ ಸೂತ್ರ ಬರೆಯುವಾಗ ಎಲ್ಲೋ ತಪ್ಪಿದ್ದೀರಿ.